ಡಂಗರಿ: ಕಾರವಾರದಿಂದ ಹಡಗು ಹತ್ತಿದ ಒರಟು ನೀಲಿ ಬಟ್ಟೆ

[ದೃಶ್ಯ: ಕಾರವಾರ ಪೇಟೆಯ ಬಟ್ಟೆ ಅಂಗಡಿ. ಮೇಜಿನ ಮೇಲೆ ಮಗುವಿನ ನೀಲಿ ಡಂಗರಿ.]

ನಮಸ್ಕಾರ. ಅಕ್ಕನ ಮಗಳ ಹುಟ್ಟುಹಬ್ಬಕ್ಕೆ ಬಟ್ಟೆ ತಗೊಳ್ಳೋಣ ಅಂತ ಬಂದೆ. "ಡಂಗ್ರಿ ತೋರಿಸ್ಲಾ?" ಅಂತ ಅಂಗಡಿಯವರು ಇದನ್ನು ಮುಂದಿಟ್ಟರು. ಎದೆ ಮೇಲೊಂದು ಜೇಬು, ಹೆಗಲಿಗೆ ಎರಡು ಪಟ್ಟಿ, ಎರಡು ಬಕಲ್. ನೋಡಿದರೆ ಅಮೆರಿಕದ ಉಡುಪು ಅನ್ನಿಸುತ್ತದೆ, ಅಲ್ವಾ?

ಆದರೆ ಹೆಸರು ನಮ್ಮ ಕಡಲ ದಂಡೆಯದೇ. ಮುಂಬೈಯ ಬಂದರಿನ ಹತ್ತಿರ ಡೋಂಗ್ರಿ ಅಂತ ಒಂದು ಜಾಗ ಇದೆ. ಅಲ್ಲಿ ಮಾರಾಟವಾಗುತ್ತಿದ್ದ ಒರಟು ಹತ್ತಿ ಬಟ್ಟೆಗೆ ಆ ಊರಿನ ಹೆಸರೇ ಬಂತು ಅನ್ನುತ್ತಾರೆ. ಕಾರವಾರದ ಕೊಂಕಣಿ ಮನೆಗಳಲ್ಲಿ ಗುಡ್ಡಕ್ಕೆ ಡೊಂಗರ ಅಂತಾರಲ್ಲ, ಡೋಂಗ್ರಿಯೂ ಅದೇ ಬಳಗದ ಪದ. ಇಂಗ್ಲಿಷಿನವರು 17ನೇ ಶತಮಾನದಲ್ಲೇ ಈ ಹೆಸರನ್ನು ತಮ್ಮ ಲೆಕ್ಕದ ಪುಸ್ತಕಕ್ಕೆ ಇಳಿಸಿಕೊಂಡರು.

[ದೃಶ್ಯ: ಕಡವಾಡದ ಹತ್ತಿರ ಕಾಳಿ ನದಿ.]

ಇನ್ನು ಕಾರವಾರದ ಮಾತು. ಹಳೇ ಕಾರವಾರ ಇದ್ದದ್ದು ಈಗಿನ ಪೇಟೆಯಲ್ಲಲ್ಲ, ಇಲ್ಲಿ, ಕಾಳಿ ದಂಡೆ ಮೇಲೆ. 1638ರಲ್ಲಿ ಇಂಗ್ಲಿಷ್ ವ್ಯಾಪಾರಿಗಳು ಇಲ್ಲಿ ಕೋಠಿ, ಅಂದರೆ ವ್ಯಾಪಾರದ ಮಳಿಗೆ, ಹಾಕಿದರು. ಘಟ್ಟದ ಮೇಲೆ, ಹುಬ್ಬಳ್ಳಿ ಕಡೆಯ ಊರುಗಳಲ್ಲಿ ಸುಮಾರು 50,000 ನೇಕಾರರು ಇವರಿಗಾಗಿ ನೇಯುತ್ತಿದ್ದರು ಅಂತ ಬ್ರಿಟಿಷ್ ಕಾಲದ ಗೆಜೆಟಿಯರ್, ಅಂದರೆ ಊರು-ನಾಡಿನ ವಿವರ ಕೊಡುವ ಸರ್ಕಾರಿ ಪುಸ್ತಕ, ಹೇಳುತ್ತದೆ. ನಯವಾದ ಮಸ್ಲಿನ್ ಬಟ್ಟೆಗೆ ಆಗ ಈ ಬಂದರು ಹೆಸರುವಾಸಿ. ಅದೇ ಗೆಜೆಟಿಯರಿನ ಪಟ್ಟಿಯಲ್ಲಿ ಕಾಳುಮೆಣಸು, ಏಲಕ್ಕಿ ಜೊತೆಗೆ ಇನ್ನೊಂದು ಸರಕೂ ಇದೆ: 'ಡಂಗರಿ' ಅನ್ನುವ ಒರಟು ನೀಲಿ ಹತ್ತಿ ಬಟ್ಟೆ! ಅದನ್ನು ಓದಿದ ದಿನ ನನಗೆ ನಿದ್ದೆಯೇ ಬರಲಿಲ್ಲ.

ಭಾರತದಲ್ಲಿದ್ದ ಇಂಗ್ಲಿಷರ ಮಾತಿಗೆ ಸೇರಿದ ಪದಗಳ ನಿಘಂಟು, 1886ರ ಹಾಬ್ಸನ್-ಜಾಬ್ಸನ್, ಡಂಗರಿಯನ್ನು ಕೀಳು ದರ್ಜೆಯ ಬಟ್ಟೆ ಅನ್ನುತ್ತದೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ಅಗ್ಗದ ಬಟ್ಟೆ, ನಿಜ. ಆದರೆ ಹಡಗಿನ ಹಾಯಿಗೆ, ಡೇರೆಗೆ, ಖಲಾಸಿಗಳ ಚಡ್ಡಿಗೆ, ಪ್ಯಾಂಟಿಗೆ ಮಸ್ಲಿನ್ ಹಾಕೋಕಾಗುತ್ತಾ? ಉಪ್ಪುನೀರು, ಬಿಸಿಲು, ಹಗ್ಗದ ಉಜ್ಜಾಟ ಎಲ್ಲ ತಾಳಬೇಕು. ನೀಲಿ ಬಣ್ಣ ಇದ್ದರೆ ಕೊಳೆಯೂ ಬೇಗ ಕಾಣೋದಿಲ್ಲ.

ಹಾಗೆ ಕೆಲಸದವರ ಮೈಮೇಲೆ ಉಳಿದು ಉಳಿದು, ಬಟ್ಟೆಯ ಹೆಸರು ಉಡುಪಿನ ಹೆಸರಾಯಿತು. ಬ್ರಿಟನ್ನಿನಲ್ಲಿ ಡಂಗರಿ ಅಂದರೆ ಎದೆಪಟ್ಟಿ ಇರುವ ಈ ಪ್ಯಾಂಟು. ನಮ್ಮ ಸೈನ್ಯದಲ್ಲಿ ಟ್ಯಾಂಕಿನವರು ಹಾಕುವ ಕಪ್ಪು ಉಡುಪಿಗೂ ಡಾಂಗ್ರಿ ಅಂತಲೇ ಹೆಸರು. ಅದು ಕುತ್ತಿಗೆಯಿಂದ ಕಾಲಿನವರೆಗೆ ಒಂದೇ ತುಂಡು.

[ದೃಶ್ಯ: ಡಂಗರಿಯ ಕಾಲಿನ ಮಡಿಕೆ, ಹತ್ತಿರದಿಂದ.]

ಈ ಮಡಿಕೆ ತಿರುವಿ ನೋಡಿ. ಹೊರಗೆ ನೀಲಿ, ಒಳಗೆ ಬಿಳಿಚು. ಹಾಸಿನ (ಉದ್ದದ) ನೂಲಿಗೆ ಮಾತ್ರ ನೀಲಿ ಹಾಕಿದ್ದಾರೆ, ಹೊಕ್ಕಿನ (ಅಡ್ಡದ) ನೂಲು ಬಿಳಿ. ಓರೆ ಗೆರೆಗಳೂ ಕಾಣುತ್ತವೆ. ಅಂದರೆ ಇದು ಡೆನಿಮ್. ಆ ಹೆಸರು ಫ್ರಾನ್ಸಿನ ನೀಮ್ ಊರಿನಿಂದ ಬಂದದ್ದು ಅನ್ನುತ್ತಾರೆ. ಜೀನ್ಸ್ ಇಟಲಿಯ ಜಿನೋವಾದಿಂದ. ಬಟ್ಟೆ ನೀಮಿನದು, ಉಡುಪಿನ ಹೆಸರು ಡೋಂಗ್ರಿಯದು!

[ದೃಶ್ಯ: ಅಂಗಡಿಯ ಬಿಲ್ಲು.]

ಅಂಗಡಿಯವರು ಬಿಲ್ಲಿನಲ್ಲಿ ಕನ್ನಡದಲ್ಲೇ ಬರೆದಿದ್ದಾರೆ: "ಡಂಗ್ರಿ, 1". ಸಾಗರದಾಚೆ ಮುನ್ನೂರು ವರ್ಷ ಸುತ್ತಾಡಿ ಬಂದ ಪದ, ಹಳೇ ಉಚ್ಚಾರಕ್ಕೇ ಹತ್ತಿರ ಬಂದು ಕೂತಿದೆ. ಈ ಬಿಲ್ಲನ್ನು ಎತ್ತಿಟ್ಟುಕೊಳ್ಳುತ್ತೇನೆ.