ಹೊಗೆ ಕೊಳವೆ ಕಾಣದ ಚಿತಾಗಾರ

ಕೇಳುಗರಿಗೆ ನಮಸ್ಕಾರ. ಮೈಸೂರಿನಲ್ಲಿ ಕೂತು ಅರಮನೆ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಚಿತಾಗಾರದ ಬಗ್ಗೆ ಮಾತಾಡುತ್ತೇನೆ. ಅಪಶಕುನ ಅಂತ ದಯವಿಟ್ಟು ರೇಡಿಯೊ ಆರಿಸಬೇಡಿ.

ಲಂಡನ್ನಿನ ಗೋಲ್ಡರ್ಸ್ ಗ್ರೀನ್ ಚಿತಾಗಾರ ಶುರುವಾಗಿದ್ದು 1902ರಲ್ಲಿ. ಆಗ ನಮ್ಮ ಅಂಬಾ ವಿಲಾಸ ಅರಮನೆಯ ಕೆಲಸ ಇನ್ನೂ ನಡೆಯುತ್ತಿತ್ತು. ಅರ್ನೆಸ್ಟ್ ಜಾರ್ಜ್ ಮತ್ತು ಆಲ್ಫ್ರೆಡ್ ಯೇಟ್ಸ್ ಇದರ ವಾಸ್ತುಶಿಲ್ಪಿಗಳು. ಕೆಂಪು ಇಟ್ಟಿಗೆ, ಸಾಲು ಕಮಾನು, ಇಟಲಿಯ ಲೊಂಬಾರ್ಡಿ ಸೀಮೆಯ ಹಳೇ ಚರ್ಚುಗಳ ಶೈಲಿ. ಎತ್ತರದ ಗೋಪುರ ಒಂದಿದೆ. ದೂರದಿಂದ ನೋಡಿದರೆ ಗಂಟೆ ಗೋಪುರವೇ. ಕುಲುಮೆಯ ಹೊಗೆ ಕೊಳವೆ ಇರುವುದು ಅದರೊಳಗೆ! ನಾನು ಹೇಳಬೇಕಾದ್ದು ಇಷ್ಟೇ: ಅದನ್ನು ಕಟ್ಟಿದ್ದು ಬರೀ ಸುಡುವುದಕ್ಕಲ್ಲ, ಅಳುತ್ತಾ ಬಂದವರಿಗಾಗಿ.

ಇದಕ್ಕೆ ಹಿಂದಿನ ಕತೆ ಕೇಳಿ. ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡುವ ನಮಗೆ ಇದು ವಿಚಿತ್ರ ಅನ್ನಿಸಬಹುದು. ಇಂಗ್ಲಿಷರ ನಾಡಿನಲ್ಲಿ ಹೆಣ ಸುಡುವುದು ತಪ್ಪೋ ಸರಿಯೋ ಅಂತ ಕೋರ್ಟೇ ಹೇಳಬೇಕಾಯಿತು. ವೇಲ್ಸಿನಲ್ಲಿ ವಿಲಿಯಂ ಪ್ರೈಸ್ ಅಂತ ಒಬ್ಬ ವೈದ್ಯ. ವಯಸ್ಸು ಎಂಬತ್ತು ದಾಟಿದೆ. 1884ರ ಜನವರಿಯಲ್ಲಿ ಅವನ ಹಸುಗೂಸು ತೀರಿಕೊಂಡಿತು. ಮಗುವನ್ನು ಗುಡ್ಡದ ಮೇಲೆ ಒಯ್ದು ಬೆಂಕಿ ಇಟ್ಟ. ಉರಿ ಕಂಡು ಊರಿಗೆ ಊರೇ ಓಡಿ ಬಂತು. ಜನ ರೊಚ್ಚಿಗೆದ್ದರು, ಪೊಲೀಸರು ಹಿಡಿದುಕೊಂಡು ಹೋದರು. ಕಾರ್ಡಿಫ್ ನ್ಯಾಯಾಲಯದಲ್ಲಿ ಮುದುಕ ತನ್ನ ವಾದ ತಾನೇ ಮಾಡಿದ. ನ್ಯಾಯಮೂರ್ತಿ ಸ್ಟೀಫನ್ ಹೇಳಿದರು: ಸುತ್ತಲಿನವರಿಗೆ ಉಪದ್ರವ ಆಗದ ಹಾಗೆ ಸುಟ್ಟರೆ ಅಪರಾಧವಲ್ಲ. ಪ್ರೈಸ್ ವಾಪಸು ಬಂದು, ಅರ್ಧಕ್ಕೇ ನಿಂತಿದ್ದ ಮಗುವಿನ ಸಂಸ್ಕಾರ ಮುಗಿಸಿದ. 1893ರಲ್ಲಿ ಅವನು ಸತ್ತಾಗ ಅದೇ ಗುಡ್ಡದ ಮೇಲೆ ಅವನನ್ನೂ ಸುಟ್ಟರು. ನೋಡೋಕೆ ಸಾವಿರಾರು ಜನ ಸೇರಿದ್ದರು.

ಸಮಯ ಆಗುತ್ತಿದೆ, ಬೇಗ ಹೇಳುತ್ತೇನೆ. ಇಂಗ್ಲೆಂಡಿನ ವೋಕಿಂಗ್ ಊರಿನಲ್ಲಿ 1879ರಲ್ಲೇ ಕುಲುಮೆ ಕಟ್ಟಿ, ಕುದುರೆಯ ಹೆಣ ಸುಟ್ಟು ಪರೀಕ್ಷೆ ಮಾಡಿದ್ದರು. ತೀರ್ಪು ಬಂದ ಮೇಲೆ, 1885ರಲ್ಲಿ, ಅಲ್ಲಿ ಮೊದಲ ಶವ ಸುಟ್ಟರು. ಅಲ್ಲಿ ಕುಲುಮೆ ಮೊದಲು, ಪ್ರಾರ್ಥನಾ ಮಂದಿರ ಆಮೇಲೆ. ಗೋಲ್ಡರ್ಸ್ ಗ್ರೀನ್‌ನಲ್ಲಿ ಹಾಗಲ್ಲ, ಬಂದವರ ವಿಚಾರ ಮೊದಲೇ ಮಾಡಿದರು. ಮಳೆ ಬಂದರೆ ನಿಲ್ಲಲು ಉದ್ದನೆಯ ಕಮಾನು ಮೊಗಸಾಲೆ. ಎದುರಿಗೆ ವಿಲಿಯಂ ರಾಬಿನ್ಸನ್ ಯೋಜಿಸಿದ ತೋಟ.

ನಮ್ಮಲ್ಲಿ ವಿದ್ಯುತ್ ಚಿತಾಗಾರ ಅಂದರೆ ತಗಡಿನ ಸೂರು, ಕಣ್ಣಿಗೆ ಹೊಡೆಯುವ ಕೊಳವೆ ಅಂತ ಸುಮ್ನೆ ಒಪ್ಪಿಕೊಂಡುಬಿಟ್ಟಿದ್ದೇವೆ. ಯಾಕೆ ಸ್ವಾಮಿ? ನಕ್ಷೆ ಬರೆಯುವ ಎಂಜಿನಿಯರುಗಳು ಯಾರಾದರೂ ಕೇಳುತ್ತಿದ್ದರೆ, ಕುಲುಮೆಯ ಜಾಗ ಗುರುತು ಹಾಕುವ ಮುಂಚೆ ಮನೆಯವರು ಕೂರುವ ಜಾಗ ಗುರುತು ಹಾಕಿ. ನೆರಳಿರಲಿ, ಕುಡಿಯೋಕೆ ನೀರಿರಲಿ, ನಾಲ್ಕು ಹೊಂಗೆ ಮರ ಇರಲಿ. ನಮಸ್ಕಾರ.