ಪಿಕ್ಚರ್ ಟ್ಯೂಬ್ ಹೋಯ್ತಾ? ಎಲ್‌ಸಿಡಿ ಹಾಕಬೇಡಿ

ನಮಸ್ಕಾರ. ಗೇಮ್ ಅಂಗಡಿಗಳಲ್ಲಿ ಇರುತ್ತಿದ್ದಂಥ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆ ಇಟ್ಟುಕೊಂಡವರಿಗೆ, ಕೊಳ್ಳಬೇಕು ಅಂತಿರುವವರಿಗೆ ನನ್ನದೊಂದೇ ಕೋರಿಕೆ. ಪಿಕ್ಚರ್ ಟ್ಯೂಬ್ ಹೋಯಿತು ಅಂತ ಅದರೊಳಗೆ ಎಲ್‌ಸಿಡಿ ಕೂರಿಸಬೇಡಿ. ಇನ್ನೊಂದು ಪಿಕ್ಚರ್ ಟ್ಯೂಬ್ ಹಾಕಿ. ಆ ಟ್ಯೂಬ್ ನಿಮ್ಮದೇ ಮನೆಯ ಅಟ್ಟದಲ್ಲಿ ಇದ್ದರೂ ಇರಬಹುದು.

ಗೋಣಿಕೊಪ್ಪದ ಹತ್ತಿರ ಹೋಮ್‌ಸ್ಟೇ ನಡೆಸುವ ಪರಿಚಯದವರೊಬ್ಬರು ಇಂಥ ಒಂದು ಪೆಟ್ಟಿಗೆ ತಂದಿಟ್ಟಿದ್ದಾರೆ. ಒಳಗಿರುವುದು ಪ್ಯಾಕ್‌ಮ್ಯಾನ್, 1980ರ ಆಟ. ಬೋರ್ಡ್ ಚೆನ್ನಾಗಿದೆ, ಶಬ್ದ ಬರುತ್ತದೆ. ಪರದೆ ನೋಡಿದರೆ ಮಾತ್ರ ಬೇಜಾರು. ಸ್ವಿಚ್ ಆಫ್ ಮಾಡಿದ ಮೇಲೂ ಗಾಜಿನಲ್ಲಿ ಆಟದ ಗೋಡೆಗಳ ನಕ್ಷೆ ಹಾಗೇ ಕಾಣುತ್ತದೆ. ವರ್ಷಗಟ್ಟಲೆ ಒಂದೇ ಚಿತ್ರ ಒಂದೇ ಜಾಗದಲ್ಲಿ ನಿಂತು ಅಲ್ಲಿನ ಫಾಸ್ಫರ್, ಅಂದರೆ ಗಾಜಿನ ಒಳಗೆ ಬೆಳಕು ಕೊಡುವ ಲೇಪ, ಸವೆದುಹೋಗಿದೆ. ಆನ್ ಮಾಡಿದರೆ ಎಲ್ಲಾ ಮಂಕು, ಕೆಂಪಂತೂ ಬರುವುದೇ ಇಲ್ಲ.

"ಹೇಗೂ ಹೋಗಿದೆ, ಎಲ್‌ಸಿಡಿ ಹಾಕಿಬಿಡ್ಲಾ?" ಅಂತ ಕೇಳಿದರು.

"ಬೇಡ ಅಣ್ಣ, ಸ್ವಲ್ಪ ತಡೀರಿ" ಅಂದೆ.

ಯಾಕೆ ಬೇಡ? ಪ್ಯಾಕ್‌ಮ್ಯಾನ್ ಚಿತ್ರ ಅಂದರೆ ಅಡ್ಡಕ್ಕೆ 224, ಉದ್ದಕ್ಕೆ 288 ಚುಕ್ಕಿ, ಅಷ್ಟೇ. ಪಿಕ್ಚರ್ ಟ್ಯೂಬಿನಲ್ಲಿ ಆ ಚುಕ್ಕಿಗಳ ಅಂಚು ಮೆತ್ತಗಾಗಿ ಒಂದಕ್ಕೊಂದು ಬೆರೆಯುತ್ತದೆ. ಆ ಕಾಲದವರು ಚಿತ್ರ ಬರೆದದ್ದೇ ಇದನ್ನು ನಂಬಿ. ಎಲ್‌ಸಿಡಿಯಲ್ಲಿ ಅದೇ ಚುಕ್ಕಿ ಚೌಕ ಚೌಕವಾಗಿ ಕಣ್ಣಿಗೆ ಚುಚ್ಚುತ್ತದೆ. ಜೊತೆಗೆ ಜಾಯ್‌ಸ್ಟಿಕ್ ತಿರುಗಿಸಿದ್ದಕ್ಕೂ ಪರದೆಯಲ್ಲಿ ಕಾಣುವುದಕ್ಕೂ ನಡುವೆ ಒಂದು ಚೂರು ತಡ. ಬಂದೂಕು ಹಿಡಿದು ಬಾತುಕೋಳಿ ಹೊಡೆಯುತ್ತಿದ್ದಿರಲ್ಲ, ಆ ಬಂದೂಕು ಎಲ್‌ಸಿಡಿ ಮುಂದೆ ಕೆಲಸವನ್ನೇ ಮಾಡುವುದಿಲ್ಲ. ಟ್ಯೂಬಿನ ಬೆಳಕು ಯಾವ ಕ್ಷಣ ಬಂತು ಅನ್ನುವುದರ ಮೇಲೇ ಅದರ ಲೆಕ್ಕ ನಿಂತಿರುವುದು.

ಇನ್ನೊಂದು ಕಡೆ, ಹಳೆಯ ಟ್ಯೂಬ್ ಮುಟ್ಟಿದರೆ ಒರಿಜಿನಲ್ ಹೋಯಿತು ಅನ್ನುವವರಿದ್ದಾರೆ. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ, ಮಾತು ಮಾತ್ರ ಒಪ್ಪುವುದಿಲ್ಲ. ಟ್ಯೂಬ್ ಸವೆಯುವ ವಸ್ತು. ಅದರೊಳಗೆ ಎಲೆಕ್ಟ್ರಾನ್ ಹೊರಡಿಸುವ ಕ್ಯಾಥೋಡಿನ ಲೇಪ ಉರಿದ ಹಾಗೆ ಖಾಲಿಯಾಗುತ್ತದೆ. ಮೆಕ್ಯಾನಿಕ್‌ಗಳು ಕ್ಯಾಥೋಡನ್ನು ಕಾಯಿಸುವ ಹೀಟರಿಗೆ ಜಾಸ್ತಿ ವೋಲ್ಟೇಜ್ ಕೊಟ್ಟು ಬೂಸ್ಟ್ ಮಾಡಿ ಕೊಡುತ್ತಾರೆ, ನಿಜ. ಆದರೆ ಬೂಸ್ಟ್ ಮಾಡಿದ ಟ್ಯೂಬ್ ಎಷ್ಟು ದಿನ ಬಂದೀತು ಅಂತ ಯಾರೂ ಗ್ಯಾರಂಟಿ ಕೊಡಲಾರರು. ಸವೆದ ಫಾಸ್ಫರ್‌ಗಂತೂ ಅದು ಮದ್ದೇ ಅಲ್ಲ. 90ರ ದಶಕದ ನಮ್ಮ ಗೇಮ್ ಅಂಗಡಿಗಳನ್ನು ನೆನಪಿಸಿಕೊಳ್ಳಿ. ನಾವೆಲ್ಲ ಮುಸ್ತಫಾ ಅಂತ ಕರೆಯುತ್ತಿದ್ದ 1993ರ ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್ ಆಡಿದ್ದು ಎಷ್ಟೋ ಕಡೆ ಪ್ಲೈವುಡ್ ಪೆಟ್ಟಿಗೆಯೊಳಗಿನ ಮಾಮೂಲಿ ಟಿವಿ ಟ್ಯೂಬಿನ ಮೇಲೆ. ಆಟ ಸುಳ್ಳಾಗಿತ್ತಾ? ಇಲ್ಲ ಅಲ್ವಾ.

ಸರಿ, ಟ್ಯೂಬ್ ಎಲ್ಲಿ ಸಿಗುತ್ತದೆ? ಮನೆ ಟಿವಿಯ ಹೊಸ ಟ್ಯೂಬ್ ತಯಾರಿ ನಿಂತು ಎಷ್ಟೋ ಕಾಲವಾಯಿತು. ಇನ್ನು ಹಳೆಯ ಟಿವಿಯೇ ಗತಿ. ಕೊಡಗಿಗೆ ಇದರಲ್ಲಿ ಒಂದು ಅನುಕೂಲವಿದೆ. ಇಲ್ಲಿ ಸಿಡಿಲಿಗೆ ಟಿವಿ ಸುಟ್ಟಿತು ಅಂದರೆ ಸಾಮಾನ್ಯವಾಗಿ ಸುಡುವುದು ಚಾಸಿಸ್, ಅಂದರೆ ಟ್ಯೂಬನ್ನು ನಡೆಸುವ ಸರ್ಕ್ಯೂಟ್ ಬೋರ್ಡ್. ಟ್ಯೂಬ್ ಚೆನ್ನಾಗೇ ಉಳಿದಿರುತ್ತದೆ. ರಿಪೇರಿ ಬೇಡ ಅಂತ ಬಟ್ಟೆ ಮುಚ್ಚಿ ಮೇಲಿಟ್ಟ ಅಂಥ ಸೆಟ್ ನಮಗೆ ಬೇಕು. ಓಡುತ್ತಿರುವ ಟಿವಿಯನ್ನು ಇದಕ್ಕೋಸ್ಕರ ಬಿಚ್ಚುವುದು ನನಗೆ ಸರಿ ಕಾಣುವುದಿಲ್ಲ.

ಹಿಂಬದಿಯ ಮುಚ್ಚಳ ತೆಗೆದರೆ ಟ್ಯೂಬಿನ ಸಪೂರ ಭಾಗ, ಅಂದರೆ ನೆಕ್, ಕಾಣುತ್ತದೆ. ಅದರ ಗಾಜಿನ ಒಳಗೆ ಕನ್ನಡಿಯಂಥ ಬೆಳ್ಳಿ ಕಲೆ ಇರಬೇಕು. ಅದು ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೋಗಿದೆ, ಆ ಟ್ಯೂಬ್ ಮುಗಿಯಿತು. ನೆಕ್ಕಿನ ದಪ್ಪ ಹೆಚ್ಚಾಗಿ 29 ಮಿಲಿಮೀಟರ್, ಸಪೂರದ್ದು 22.5. ದಪ್ಪ, ಹಿಂದಿನ ಪಿನ್‌ಗಳು, ಟ್ಯೂಬಿನ ಡಿಗ್ರಿ (ಒಳಗಿನ ಕಿರಣ ಎಷ್ಟು ಅಗಲಕ್ಕೆ ಬಾಗುತ್ತದೆ ಅನ್ನುವ ಕೋನ) ಎಲ್ಲಾ ಹಳೆಯದಕ್ಕೆ ಹೊಂದಬೇಕು. ಹೀಟರ್ ಸಾಮಾನ್ಯವಾಗಿ 6.3 ವೋಲ್ಟ್, ಅದನ್ನೂ ನೋಡಿಕೊಳ್ಳಿ. ಇಷ್ಟು ಹೊಂದಿದರೆ ಗೇಮ್ ಮಾನಿಟರಿನ ಯೋಕ್, ಅಂದರೆ ನೆಕ್ಕಿನ ಸುತ್ತ ಕೂತು ಕಿರಣವನ್ನು ಬಾಗಿಸುವ ತಾಮ್ರದ ಕಾಯಿಲ್, ಬಿಚ್ಚಿ ಟಿವಿಯಿಂದ ತೆಗೆದ ಟ್ಯೂಬಿಗೇ ಹಾಕುವುದು ಒಳ್ಳೆಯ ದಾರಿ. ಯೋಕ್ ಮತ್ತು ಚಾಸಿಸ್ ಜೋಡಿ. ಟಿವಿಯ ಯೋಕನ್ನೇ ಉಳಿಸಿಕೊಂಡು ಅದರ ಕಾಯಿಲ್ ಹೊಂದದಿದ್ದರೆ ಚಿತ್ರ ಕುಗ್ಗುತ್ತದೆ, ಇಲ್ಲವೇ ಲೈನ್ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಡುತ್ತದೆ.

ಈ ಕೆಲಸ ಅನುಭವಿ ಟಿವಿ ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ. ಬಣ್ಣದ ಟ್ಯೂಬಿನ ಎಚ್‌ಟಿ ಕ್ಯಾಪ್ (ಹೈ ವೋಲ್ಟೇಜ್ ತಂತಿ ಟ್ಯೂಬಿಗೆ ಸೇರುವ ಕಡೆಯ ರಬ್ಬರ್ ಮುಚ್ಚಳ) ಕೆಳಗೆ ಸುಮಾರು 25,000 ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಚಾರ್ಜ್ ಒಳಗೇ ಕೂತಿರುತ್ತದೆ. ಟ್ಯೂಬಿನ ಹಿಂದಿನ ಕಪ್ಪು ಬಳಿತದ ಮೇಲೆ ಹಾದುಹೋಗುವ ಬೋಳು ತಂತಿಗೆ ಡಿಸ್ಚಾರ್ಜ್ ಮಾಡಬೇಕು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಬೇಕು, ಯಾಕೆಂದರೆ ಚಾರ್ಜ್ ವಾಪಸ್ ಬರುತ್ತದೆ.

ಯೋಕ್ ತೆಗೆಯುವಾಗ ನೋಡಬೇಕು ನೀವು. ಕ್ಲಾಂಪಿನ ಸ್ಕ್ರೂ ಸಡಿಲ ಮಾಡಿ, ಅಂಟಿಕೊಂಡ ರಬ್ಬರ್ ತುಂಡುಗಳನ್ನು ಒಂದೊಂದಾಗಿ ಬಿಡಿಸಿ, ನೇರವಾಗಿ ಹಿಂದಕ್ಕೆ ಎಳೆಯಬೇಕು. ಅರೆಗಳಿಗೆ ಅವಸರ ಮಾಡಿ ಪಕ್ಕಕ್ಕೆ ಒತ್ತಿದರೆ ಸಾಕು, ನೆಕ್ ಟಕ್ ಅಂತ ಮುರಿದು ಸುಯ್ ಅಂತ ಗಾಳಿ ಒಳಗೆ ಹೋಗುತ್ತದೆ. ಹೊಸ ಟ್ಯೂಬ್ ಕೂರಿಸಿದ ಮೇಲೆ ಪರದೆ ತುಂಬ ಬಿಳಿ ಗೆರೆಗಳ ಚೌಕುಳಿ ಹಾಕುತ್ತಾರೆ. ಮೊದಲು ಒಂದೊಂದು ಗೆರೆಯೂ ಮೂರಾಗಿರುತ್ತದೆ: ಕೆಂಪು ಒಂದು ಕಡೆ, ನೀಲಿ ಇನ್ನೊಂದು ಕಡೆ, ನಡುವೆ ಹಸಿರು. ನೆಕ್ಕಿನ ಮೇಲಿನ ಮ್ಯಾಗ್ನೆಟ್ ಬಳೆಗಳನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದರೆ ಮೂರೂ ಹತ್ತಿರ ಬಂದು, ಒಂದರ ಮೇಲೊಂದು ಕೂತು, ಗೆರೆ ಬೆಳ್ಳಗಾಗುತ್ತದೆ. ಅದನ್ನು ಎಷ್ಟು ಹೊತ್ತು ಬೇಕಾದರೂ ನಿಂತು ನೋಡಬಲ್ಲೆ ನಾನು.

ನಮ್ಮ ಊರಿನವರಿಗೆ ಒಂದು ಮಾತು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಜೂನ್‌ನಿಂದ ಆಗಸ್ಟ್‌ವರೆಗೆ ಮಡಿಕೇರಿಯಲ್ಲಿ ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಬರುತ್ತದೆ. ಆ ತೇವ, ಧೂಳು ಎಚ್‌ಟಿ ಕ್ಯಾಪ್ ಸುತ್ತ ಕೂತರೆ ಚಟಪಟ ಅಂತ ಕಿಡಿ ಹಾರುತ್ತದೆ. ಕ್ಯಾಪ್ ಸುತ್ತಲಿನ ಗಾಜನ್ನು ಸ್ಪಿರಿಟ್‌ನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲಷ್ಟೇ ಕರೆಂಟ್ ಕೊಡಿ.

ನನಗೆ ನಿಜವಾಗಿ ಹೊಟ್ಟೆ ಉರಿಯುವುದು ಗುಜರಿ ವಿಷಯದಲ್ಲಿ. ಗುಜರಿಯಲ್ಲಿ ಬೆಲೆ ಇರುವುದು ಯೋಕಿನ ತಾಮ್ರಕ್ಕೆ. ಅದನ್ನು ಕೀಳುವ ಭರದಲ್ಲಿ ನೆಕ್ ಮುರಿಯುತ್ತಾರೆ, ಉಳಿದ ಗಾಜು ಎಲ್ಲೋ ಇಳಿಜಾರಿಗೆ ಬೀಳುತ್ತದೆ. ಬಣ್ಣದ ಟ್ಯೂಬಿನ ಹಿಂಭಾಗದ ಗಾಜಿನಲ್ಲಿ ಸೀಸ ಇದೆ. ಇಲ್ಲಿನ ಇಳಿಜಾರಿನ ನೀರೆಲ್ಲ ಹೊಳೆಗೇ ಹೋಗುವುದು.

ಹಾಗಾಗಿ ಅಟ್ಟದಲ್ಲಿ 20 ಅಥವಾ 21 ಇಂಚಿನ ಹಳೆಯ ಟಿವಿ ಇದ್ದರೆ ಗುಜರಿಗೆ ಹಾಕುವ ಮೊದಲು ಪರಿಚಯದ ಮೆಕ್ಯಾನಿಕ್ ಕೈಯಲ್ಲಿ ಒಮ್ಮೆ ಬಿಚ್ಚಿಸಿ. ಟ್ಯೂಬಿನ ಮೇಲೆ ಸ್ಟಿಕ್ಕರ್ ಇರುತ್ತದೆ, ಅದರಲ್ಲಿ ನಂಬರ್ ಇರುತ್ತದೆ. ಆ ಸ್ಟಿಕ್ಕರಿನದೊಂದು, ನೆಕ್ಕಿನದೊಂದು ಫೋಟೋ ಕಳಿಸಿ. ಯಾವ ಮಾನಿಟರಿಗೆ ಹೊಂದುತ್ತದೆ ಅಂತ ನೋಡಿ ಹೇಳುತ್ತೇನೆ.