ಕರುವಿಗೆ ಗಿಣ್ಣುಹಾಲು: ಮೊದಲ ಕೆಲವು ಗಂಟೆಗಳ ಮಾತು

ಹೈನುಗಾರ ಬಂಧುಗಳೇ,

ವರ್ಷವಿಡೀ ಹರಿಯುವ ನದಿಯಿಲ್ಲದ ನಮ್ಮ ಕೋಲಾರ ಜಿಲ್ಲೆಯಲ್ಲಿ, ಕೊಳವೆಬಾವಿಯ ನೀರನ್ನು ನಂಬಿ ಸೀಮೆಹಸು ಸಾಕಿ, ಎರಡು ಹೊತ್ತು ಡೇರಿಗೆ ಹಾಲು ಹಾಕಿ ಸಂಸಾರ ತೂಗಿಸುವ ತಮಗೆ ಒಂದು ಹೆಣ್ಣುಕರುವಿನ ಬೆಲೆಯನ್ನು ನಾನು ಹೇಳಬೇಕಾಗಿಲ್ಲ. ಆದರೂ ಹುಟ್ಟಿದ ಕೆಲವೇ ದಿನಗಳಲ್ಲಿ ಭೇದಿ ಹತ್ತಿ ಕರು ಸಾಯುವುದನ್ನು ಇಂದಿಗೂ ನೋಡುತ್ತಿದ್ದೇವೆ. ಇವುಗಳಲ್ಲಿ ಹಲವು ತಪ್ಪಿಸಬಹುದಾದ ಸಾವುಗಳೆಂಬುದೇ ನನ್ನ ಸಂಕಟ.

ಮನುಷ್ಯರಲ್ಲಿ ತಾಯಿಯ ರಕ್ತದ ಪ್ರತಿಕಾಯಗಳು, ಅಂದರೆ ರೋಗಾಣುಗಳನ್ನು ಎದುರಿಸುವ ಪ್ರೋಟೀನು ಕಣಗಳು, ಗರ್ಭದಲ್ಲಿರುವಾಗಲೇ ಮಗುವಿಗೆ ದಾಟುತ್ತವೆ. ಕೋಳಿಯಲ್ಲಿ ಮೊಟ್ಟೆಯ ಹಳದಿಯ ಮೂಲಕ ಮರಿಗೆ ಸೇರುತ್ತವೆ. ಹಸು, ಎಮ್ಮೆ, ಕುರಿ, ಮೇಕೆಗಳಲ್ಲಿ ಹಾಗಲ್ಲ. ತಾಯಿಯ ರಕ್ತಕ್ಕೂ ಗರ್ಭದ ಕರುವಿನ ರಕ್ತಕ್ಕೂ ನಡುವೆ ಇರುವ ಪದರಗಳನ್ನು ಪ್ರತಿಕಾಯದಂಥ ದೊಡ್ಡ ಕಣ ದಾಟಲಾರದಾದ್ದರಿಂದ, ಕರು ನೆಲಕ್ಕೆ ಬೀಳುವಾಗ ಅದರ ರಕ್ತದಲ್ಲಿ ಪ್ರತಿಕಾಯವೇ ಇಲ್ಲವೆನ್ನುವಷ್ಟು ಕಡಿಮೆಯಿರುತ್ತದೆ. ತಾಯಿಯ ಹಾಲಿನಿಂದ ಮರಿಗೆ ರಕ್ಷಣೆ ಬರುತ್ತದೆಂಬುದನ್ನು ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಕ್ 1892ರಲ್ಲೇ ಇಲಿಮರಿಗಳನ್ನು ಬೇರೆ ತಾಯಿಯ ಬಳಿ ಹಾಲು ಕುಡಿಸಿ ತೋರಿಸಿದ್ದರು.

ಈಯುವುದಕ್ಕೆ ಕೆಲವು ವಾರ ಮುಂಚಿನಿಂದಲೇ ಹಸುವಿನ ಕೆಚ್ಚಲು ರಕ್ತದಿಂದ ಪ್ರತಿಕಾಯಗಳನ್ನು ಸೆಳೆದು ಗಿಣ್ಣುಹಾಲಿನಲ್ಲಿ ಕೂಡಿಡುತ್ತದೆ. ಒಳ್ಳೆಯ ಗಿಣ್ಣಿನ ಒಂದು ಲೀಟರಿನಲ್ಲಿ 50 ಗ್ರಾಂಗೂ ಹೆಚ್ಚು ಪ್ರತಿಕಾಯ ಇರುತ್ತದೆ. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದಾಗ ಗಿಣ್ಣು ತಟ್ಟೆಯಲ್ಲಿ ಗಟ್ಟಿಯಾಗುತ್ತದಲ್ಲ, ಹಾಗೆ ಗಟ್ಟಿಯಾಗುವ ಪ್ರೋಟೀನುಗಳಲ್ಲಿ ಈ ಪ್ರತಿಕಾಯಗಳ ಪಾಲು ದೊಡ್ಡದು. ನೆರೆಮನೆಗೆ ಗಿಣ್ಣು ಹಂಚುವುದು ಬೇಡವೆನ್ನುವುದಿಲ್ಲ. ಕರುವಿನ ಹೊಟ್ಟೆ ತುಂಬಿದ ಮೇಲೆ ಹಂಚೋಣ.

ಹುಟ್ಟಿದ ಕರುವಿನ ಕರುಳು ಈ ದೊಡ್ಡ ಕಣಗಳನ್ನು ಇಡಿಯಾಗಿ ಹೀರಿ ರಕ್ತಕ್ಕೆ ಬಿಡಬಲ್ಲದು, ಆದರೆ ಆ ಶಕ್ತಿ ಗಂಟೆಗಂಟೆಗೂ ಇಳಿಯುತ್ತಾ ಸುಮಾರು 24 ಗಂಟೆಯ ಹೊತ್ತಿಗೆ ನಿಂತೇಹೋಗುತ್ತದೆ. ಕಸ, ಅಂದರೆ ಮಾಸು, ಬೀಳುವವರೆಗೆ ಕರುವನ್ನು ಕೆಚ್ಚಲಿಗೆ ಬಿಡಬಾರದೆಂಬ ರೂಢಿ ಹಲವು ಮನೆಗಳಲ್ಲಿದೆ. ಕಸ ಬೀಳಲು ಎಂಟು, ಹನ್ನೆರಡು ಗಂಟೆ ಹಿಡಿಯಬಹುದು. ಅಷ್ಟರಲ್ಲಿ ಕರುವಿನ ಅತ್ಯಂತ ಬೆಲೆಯುಳ್ಳ ಸಮಯ ಕಳೆದಿರುತ್ತದೆ, ಕೊಟ್ಟಿಗೆಯ ಸಗಣಿ ನೆಕ್ಕಿ ರೋಗಾಣುಗಳು ಮೊದಲೇ ಒಳಸೇರಿರುತ್ತವೆ. ಹಿರಿಯರ ಮೇಲಿನ ಗೌರವದಿಂದಲೇ ಹೇಳುತ್ತೇನೆ, ಈ ಒಂದು ರೂಢಿಯನ್ನು ಬಿಡಬೇಕು. ಕರು ಕುಡಿದರೆ ಕಸ ಬೀಳುವುದಕ್ಕೆ ಅಡ್ಡಿಯಿಲ್ಲ. ಕರು ಚೀಪುವಾಗ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಬಿಡುಗಡೆಯಾಗಿ ಗರ್ಭಕೋಶ ಹಿಂಡುತ್ತದೆ.

ಕೆಚ್ಚಲನ್ನು ತೊಳೆದು ಒರೆಸಿ, ಮೊದಲ ಎರಡು ಗಂಟೆಯೊಳಗೆ ಕುಡಿಸಿ. 30 ಕಿಲೋ ತೂಗುವ ಕರುವಿಗೆ ಮೊದಲ ದಿನ ಒಟ್ಟು ಮೂರು ಲೀಟರಿಗೆ ಕಡಿಮೆಯಾಗದಂತೆ, ಅರ್ಧಕ್ಕಿಂತ ಹೆಚ್ಚು ಪಾಲನ್ನು ಮೊದಲ ಆರು ಗಂಟೆಯಲ್ಲೇ ಕೊಡಿ. ತಾಯಿ ಸತ್ತರೆ ಅದೇ ಸಮಯದಲ್ಲಿ ಈದ ಬೇರೆ ಹಸುವಿನ ಗಿಣ್ಣಾದರೂ ಆದೀತು, ಆದರೆ ಅದನ್ನು ಕುದಿಸಬೇಡಿ. ಈಯುವ ಮುಂಚಿನ ದಿನಗಳಲ್ಲಿ ಸಂತೆಯಿಂದ ತಂದ ಹಸುವಿನ ಗಿಣ್ಣಿನಲ್ಲಿರುವುದು ಅದು ಹಿಂದೆ ಇದ್ದ ಕೊಟ್ಟಿಗೆಯ ರೋಗಾಣುಗಳಿಗೆ ಎದುರಾದ ಪ್ರತಿಕಾಯ. ಆದ್ದರಿಂದ ಗಬ್ಬದ ಹಸುವನ್ನು ಕೊಳ್ಳುವುದಾದರೆ ತಿಂಗಳೆರಡು ತಿಂಗಳು ಮೊದಲೇ ತರುವುದು ಲೇಸು.

ತಾಯಿ ಕೊಟ್ಟ ಪ್ರತಿಕಾಯ ಕೆಲವು ತಿಂಗಳಲ್ಲಿ ಕರಗುತ್ತದೆ. ಅದು ಹೆಚ್ಚಾಗಿರುವಾಗ ಹಾಕಿದ ಲಸಿಕೆ ಸರಿಯಾಗಿ ಹಿಡಿಯದು. ಕಾಲುಬಾಯಿ ಜ್ವರದ ಮೊದಲ ಲಸಿಕೆಯನ್ನು ಕರುವಿಗೆ ನಾಲ್ಕು ತಿಂಗಳಾದ ಮೇಲೆ ಹಾಕುವುದು ಇದೇ ಕಾರಣಕ್ಕೆ.